ನಾಲ್ಕು ಹಳದಿ ಎಳೆಗಳ ಬಗ್ಗೆ ಲಾಂಛನಪಾಲಕರಿಗೆ ಬಿನ್ನಹ

ಶ್ರೀಮದಖಂಡ ಸ್ಕಾಟಿಷ್ ಕುಲಲಾಂಛನ ರಕ್ಷಾಮಣಿ, ಕಾಡುಹಂದಿ ಶಿರಮುದ್ರಾಂಕಿತ, ಚೌಕಳಿವಸ್ತ್ರ ಚಕ್ರವರ್ತಿ, ಸಿಡ್ನಿ ಸಿಂಹಾಸನಾಧೀಶ್ವರರಾದ ಕುಲಸಂಘದ ಲಾಂಛನಪಾಲಕರ ದಿವ್ಯ ಮೊಣಕಾಲುಗಳ ಸನ್ನಿಧಾನಕ್ಕೆ (ಪಾದಕಮಲಗಳು ಉಣ್ಣೆಯ ಕಾಲುಚೀಲದೊಳಗೆ ಮರೆಯಾಗಿರುವುದರಿಂದ), ಮೆಲ್ಬರ್ನಿನ ವೆರಿಬೀಯ ಒಂದು ಗ್ಯಾರೇಜಿನಿಂದ.

ಮಾನ್ಯರೇ,

ನೀವು ನಮ್ಮ ಸೇಸಪ್ಪ ಮಾವನಿಗೆ ಮಾತು ಕೊಟ್ಟಿರಿ, ನಾಲ್ಕು ತಿಂಗಳು ದುಡಿಸಿಕೊಂಡಿರಿ, ಕೊನೆಗೆ ನೂರಾರು ಜನರ ಎದುರು ಅವರ ಬಟ್ಟೆಯನ್ನು ಮಡಚಿ ಕೈಗಿಟ್ಟಿರಿ. ದೂರು ಇಷ್ಟೇ. ಇದನ್ನು ಇಲ್ಲಿನ ಕನ್ನಡಿಗರ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮ್ಮ ಲಾಂಛನದ ಸುತ್ತ ಬರೆದಿರುವ ಲ್ಯಾಟಿನ್ ವಾಕ್ಯಕ್ಕೆ ಅರ್ಥವೇನೆಂದು ನಿಮ್ಮ ಮಳಿಗೆಯಲ್ಲಿದ್ದ ಮೂವರನ್ನು ಕೇಳಿದ್ದೆ. ಮೂವರೂ ಮೂರು ಅರ್ಥ ಹೇಳಿದರು. ಅರ್ಥವಾಗದ ಭಾಷೆಯನ್ನು ಗೌರವಿಸುವ ಅಭ್ಯಾಸ ನಿಮಗೆ ಮೊದಲಿನಿಂದಲೂ ಇದೆ.

ಓದುಗರಿಗಾಗಿ ಹಿಂದಿನ ಕಥೆ ಹೇಳಬೇಕು. ಸೇಸಪ್ಪ ಮಾವ ನನ್ನ ತಾಯಿಯ ಅಣ್ಣ. ಮೂಲ್ಕಿಯ ಕಡೆ ನಲವತ್ತು ವರ್ಷ ಕೈಮಗ್ಗದಲ್ಲಿ ಚೌಕಳಿ ಸೀರೆ ನೇಯ್ದವರು. ಈಗ ಮಗಳು ಸ್ವರ್ಣಲತಕ್ಕನ ಜೊತೆ ವೆರಿಬೀಯಲ್ಲಿದ್ದಾರೆ. ಓದಲು ಬಂದ ನಾನೂ ಅದೇ ಮನೆಯಲ್ಲಿದ್ದೇನೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಮಗ್ಗವನ್ನು ಮಾವ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡಿದ್ದರು. ಅಕ್ಕನ ಕಾರು ಅಂದಿನಿಂದ ಬೀದಿಯಲ್ಲೇ ನಿಲ್ಲುತ್ತದೆ.

2006ರ ಜೂನಿನಲ್ಲಿ ನಿಮ್ಮ ಕುಲದವರ ಮೇಳ ಮೆಲ್ಬರ್ನಿಗೆ ಬಂದಿತ್ತು. ನಾವೂ ಹೋಗಿದ್ದೆವು. ಮೊಣಕಾಲುದ್ದದ ಚೌಕಳಿ ಲಂಗ, ಅಂದರೆ ಕಿಲ್ಟ್, ಉಟ್ಟ ದೊಡ್ಡ ಮನುಷ್ಯರನ್ನು ಮಾವ ಬಹಳ ಹೊತ್ತು ನೋಡಿ, "ಇದು ನಮ್ಮ ಚೌಕಳಿಯೇ ಅಲ್ವಾ ಮಾರಾಯ? ಇಲ್ಲಿ ಗಂಡಸರು ಉಡ್ತಾರೆ, ಅಷ್ಟೇ" ಎಂದರು. ಆಮೇಲೆ ನಿಮ್ಮ ಮಳಿಗೆಯಲ್ಲಿ ತೂಗುಹಾಕಿದ್ದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಹೊಕ್ಕಿನ ಅಡ್ಡ ಎಳೆ ಸಡಿಲವಾಗಿದೆ ಎಂದು ನಿಮ್ಮ ಮುಖಕ್ಕೇ ಹೇಳಿದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ. ನೀವು ನಕ್ಕಿರಿ, ವಿಳಾಸ ಬರೆದುಕೊಂಡಿರಿ. ಎರಡು ವಾರಕ್ಕೆ ಸಿಡ್ನಿಯಿಂದ ಉಣ್ಣೆಯ ನೂಲು ಬಂತು, ಜೊತೆಗೆ ಕುಲದ ಮುದ್ರೆಯೊತ್ತಿದ ಕಾಗದ, ಅದರಲ್ಲಿ ಯಾವ ಬಣ್ಣ ಎಷ್ಟು ಎಳೆ ಎಂಬ ಲೆಕ್ಕ. ಸ್ಕಾಟ್ಲೆಂಡಿನಿಂದ ಕುಲದ ಯಜಮಾನರು ಬರುತ್ತಾರೆ, ಅವರು ಹೊದೆಯುವ ಶಾಲನ್ನು ಸೇಸಪ್ಪನವರೇ ನೇಯಬೇಕು, ಮೆರವಣಿಗೆಯಲ್ಲಿ ಅದನ್ನು ಎತ್ತಿಕೊಂಡು ಬಾವುಟದ ಹಿಂದೆ ಅವರೇ ನಡೆಯಬೇಕು. ಇದು ನಿಮ್ಮ ಮಾತು, ನಿಮ್ಮ ಸಹಿ.

ಮಾವ ಸಂಬಳ ಕೇಳಲಿಲ್ಲ. ಆ ನಡಿಗೆ ಸಾಕಿತ್ತು. ನಲವತ್ತು ವರ್ಷ ನೇಯ್ದ ಸೀರೆಗಳನ್ನು ಯಾರು ಉಟ್ಟರೋ ಮಾವನಿಗೆ ಗೊತ್ತಿಲ್ಲ. ತಮ್ಮ ಬಟ್ಟೆಯನ್ನು ಒಬ್ಬರು ಹೊದ್ದುಕೊಳ್ಳುವುದನ್ನು ಕಣ್ಣಾರೆ ನೋಡುವ ಆಸೆ ಅದು. ಹೊಸ ಬೂಟು ತಂದು, ಅದನ್ನು ಪಳಗಿಸಲು ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ನಡೆಯುತ್ತಿದ್ದರು. ಬೇಲಿಯಾಚೆಯ ನಾಯಿಗೂ ಆ ಮೆರವಣಿಗೆ ಬಾಯಿಪಾಠವಾಗಿತ್ತು.

ನವೆಂಬರಿನಲ್ಲಿ ಮೆರವಣಿಗೆಗೆಂದು ಸಿಡ್ನಿಗೆ ಬಂದೆವು. ನೀವು ಭೂತಗನ್ನಡಿ ಹಿಡಿದು ಎಳೆ ಎಣಿಸಿದಿರಿ. ಹಳದಿ ಎರಡು ಇರಬೇಕಾದ ಕಡೆ ನಾಲ್ಕಿವೆ ಎಂದಿರಿ. ಇದು ನಮ್ಮ ಕುಲದ ಬಟ್ಟೆಯೇ ಅಲ್ಲ, ಬೇಕಿದ್ದರೆ ಮೇಜಿಗೆ ಹಾಸಿಕೊಳ್ಳಿ ಎಂದಿರಿ. ಮಾವನ ಜಾಗದಲ್ಲಿ, ಸಾಸೇಜು ಮಳಿಗೆಯವರೊಬ್ಬರು ಕಾರ್ಖಾನೆಯ ಶಾಲು ಹಿಡಿದು ನಡೆದರು.

ಸ್ವಾಮಿ, ಒಂದು ಮಾತು ಕೇಳಲೇ? ನಿಮ್ಮ ಮಳಿಗೆಯಲ್ಲಿ ಅದೇ ದಿನ ಮಾರುತ್ತಿದ್ದ ಪಾಲಿಯೆಸ್ಟರ್ ಸ್ಕಾರ್ಫಿನಲ್ಲಿ ಹಳದಿ ಎಷ್ಟು ಎಳೆ? ಒಂದೂ ಇಲ್ಲ, ಅದು ಅಚ್ಚು ಹಾಕಿದ ಬಣ್ಣ. ನಿಮ್ಮ ಬಟ್ಟೆಗಳ ಪಟ್ಟಿಯಲ್ಲಿ 'ಪುರಾತನ' ಎಂಬ ಬಗೆಯಿದೆ. ಅದು ಬರೀ ತೆಳು ಬಣ್ಣದ ಹೆಸರು ಎಂದು ನೀವೇ ಹೇಳಿದಿರಿ. ಪುರಾತನವನ್ನು ಬಣ್ಣದ ಡಬ್ಬಿಯಿಂದ ತೆಗೆಯುವವರಿಗೆ ಎರಡು ಎಳೆ ಹೆಚ್ಚಾದದ್ದು ಕುಲದ್ರೋಹವಾಯಿತೇ? ಶಾಲು ಬೇಡವಾಗಿದ್ದರೆ ಬೇಡ. ಬರಿಗೈಯಲ್ಲಾದರೂ ಮುದುಕನನ್ನು ಬಾವುಟದ ಹಿಂದೆ ನಡೆಯಲು ಬಿಟ್ಟಿದ್ದರೆ ನಿಮ್ಮ ಹಂದಿಯ ಕೋರೆ ಉದುರುತ್ತಿತ್ತೇ?

ಮಧ್ಯಾಹ್ನ ಹ್ಯಾರಿಸ್ ಪಾರ್ಕ್ ಬಡಾವಣೆಯ ಹೋಟೆಲಿನಲ್ಲಿ ದೋಸೆಗೆ ಕೂತೆವು. ಮಾವ ಮುಟ್ಟಲಿಲ್ಲ. ಅವರ ಮಗ್ಗದ ಪದ್ಧತಿ ಹೀಗೆ: ಲೆಕ್ಕವನ್ನು ಒಬ್ಬ ಗಟ್ಟಿಯಾಗಿ ಓದುತ್ತಾನೆ, ನೇಯುವವನು ತಲೆಯಲ್ಲಿಟ್ಟುಕೊಳ್ಳುತ್ತಾನೆ, ಮತ್ತೆ ಕಾಗದ ನೋಡುವುದಿಲ್ಲ.

"ಓದಿ ಹೇಳಿದ ಲೆಕ್ಕ ತಲೆಯಲ್ಲಿ ನಿಲ್ಲಲಿಲ್ಲ ಮಾರಾಯ," ಎಂದರು. "ಅಲ್ಲಿಗೆ ಮುಗಿಯಿತು. ಇನ್ನು ನನ್ನನ್ನು ಮಗ್ಗಕ್ಕೆ ಕೂರಿಸಬೇಡಿ."

"ಅಪ್ಪ, ಎರಡು ಎಳೆಗೆ ಯಾರಾದ್ರೂ ಹೀಗೆ ಮಾತಾಡ್ತಾರಾ?" ಎಂದಳು ಅಕ್ಕ.

"ಇವತ್ತು ಎರಡು. ನಾಳೆ ನಿನ್ನ ಹೆಸರೂ ಮರೀಬಹುದು."

ಅಂದಿನಿಂದ ಮಗ್ಗದ ಮೇಲೆ ಹಳೆಯ ಬೆಡ್‌ಶೀಟು ಬಿದ್ದಿದೆ. ಮಾವ ಮರೆವಿನ ಡಾಕ್ಟರರ ಬಳಿ ಹೋಗಲು ದಿನ ಗೊತ್ತು ಮಾಡಿಸಿಕೊಂಡಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ: ಅದೇ ಮುದ್ರೆಯೊತ್ತಿದ ಕಾಗದದಲ್ಲಿ, ಆ ಶಾಲಿನ ನೇಯ್ಗೆಯಲ್ಲಿ ಕೈತಪ್ಪು ಒಂದೂ ಇಲ್ಲವೆಂದು ನೀವು ಸೇಸಪ್ಪ ಮಾವನಿಗೆ ಬರೆದು ಕಳಿಸಬೇಕು. ಮುಂದಿನ ಮೆರವಣಿಗೆಯಲ್ಲಿ ಅವರು ನಡೆಯಬೇಕು. ಬೂಟು ಆಗಲೇ ಪಳಗಿದೆ.

ಇಂತಿ, ಯಾವ ಕುಲದ ಪಟ್ಟಿಯಲ್ಲೂ ಹೆಸರಿಲ್ಲದ, ಇನ್ನು ಮನೆಯ ಪಟ್ಟಿಯಲ್ಲೂ ಉಳಿಯುವ ಭರವಸೆಯಿಲ್ಲದ,
ಜಯೇಶ್

ವಿ.ಸೂ.: ನಿಮ್ಮ ಕಾಗದದಲ್ಲಿ ಹಳದಿ ಎರಡೇ ಇತ್ತು. ಮಾವನಿಗೆ ಅದನ್ನು ಓದಿ ಹೇಳಿದವನು ನಾನು. ಕುಲದ ಯಜಮಾನರು ಬದುಕಿರುವಷ್ಟು ದಿನ ನನ್ನ ಎರಡು ಎಳೆ ಹೊದ್ದು ತಿರುಗಲಿ, ಯಾರು ಎಣಿಸುತ್ತಾರೆ ಎಂಬ ತಮಾಷೆಗೆ ನಾಲ್ಕು ಎಂದೆ. "ಸಮ ನೋಡಿದ್ದೀಯಲ್ಲ?" ಎಂದು ಮಾವ ಒಮ್ಮೆ ಕೇಳಿದರು. ನೋಡಿದ್ದೇನೆ ಎಂದೆ. ಮತ್ತೆ ಕೇಳಲಿಲ್ಲ. ನೀವು ಈ ಪತ್ರಿಕೆ ಓದುವುದಿಲ್ಲವೆಂದು ನನಗೆ ಗೊತ್ತು. ಮಾವ ಓದುತ್ತಾರೆ, ಜಾಹೀರಾತುಗಳನ್ನೂ ಬಿಡದೆ.