ನಲ್ಲಿಕಟ್ಟೆಗೆ ನೀಲಿ ಬಣ್ಣ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಆಫೀಸಿನಲ್ಲಿ ಬೇರೆ ಕುರ್ಚಿ ಕೊಡುತ್ತೇವೆ ಎಂದಿದ್ದರಲ್ಲ, ಕೊಟ್ಟರೋ ಇಲ್ಲವೋ? ಕೊಡದಿದ್ದರೆ ಬಾಯಿಬಿಟ್ಟು ಕೇಳು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ಆಫೀಸಿನವರು ಕೊಡುತ್ತಾರಾ? ರಾತ್ರಿ ಬಿಸ್ಕತ್ತು ತಿಂದು ಮಲಗುವ ಚಾಳಿ ಬಿಟ್ಟಿದ್ದೀಯ ತಾನೆ? ಬಿಟ್ಟಿದ್ದೇನೆ ಎಂದು ಸುಳ್ಳು ಹೇಳಬೇಡ. ಹೊಟ್ಟೆ ತುಂಬಿದವರ ದನಿಯೇ ಬೇರೆ, ಫೋನಿನಲ್ಲಿ ನನಗೆ ಗೊತ್ತಾಗುತ್ತದೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹೊಲಿಗೆ ಯಂತ್ರದ ಹಾಗೆ ಕಿರುಗುಟ್ಟುತ್ತದೆ. ಯಂತ್ರಕ್ಕೆ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ, ಇದು ಆಗುವುದಿಲ್ಲ. ಅಳಿಯಂದಿರು ಹಡಗಿನಿಂದ ಫೋನ್ ಮಾಡಿದ್ದರು. ಪುಟ್ಟಿ ಅಪ್ಪನಿಗೆ ತನ್ನ ಮುಂದಿನ ಹಲ್ಲು ಬಿದ್ದ ಜಾಗ ತೋರಿಸಿದ್ದೇ ತೋರಿಸಿದ್ದು, ಬೇರೆ ಮಾತೇ ಇಲ್ಲ. ನಿನ್ನ ಮಗಳು ನಿನ್ನ ಹಾಗೆಯೇ, ನಗು ಬಂತೆಂದರೆ ತಡೆಯುವುದು ಗೊತ್ತಿಲ್ಲ. ಮೊನ್ನೆ ಶಾಲೆಯಲ್ಲಿ ಪಾಠದ ನಡುವೆ ನಕ್ಕು ಹೊರಗೆ ನಿಂತು ಬಂದಳು. ಯಾಕೆ ನಕ್ಕೆ ಎಂದು ಕೇಳಿದರೆ ಅದನ್ನು ಹೇಳುವಾಗ ಮತ್ತೆ ನಕ್ಕಳು. ಬೈಯಲು ಹೋಗಿ ನಾನೂ ನಕ್ಕೆ.

ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ನೀರು ಎಂದ ಕೂಡಲೇ ನಿನಗೆ ಮೀಟಿಂಗ್ ಬರುತ್ತದೆ. ತಪ್ಪು ತಿಳಿಯಬೇಡ, ನಿಜವಾಗಿಯೂ ಇರುತ್ತದೆ ಎಂದು ನನಗೆ ಗೊತ್ತು. ಆದರೆ ಕಾಗದಕ್ಕೆ ಮೀಟಿಂಗ್ ಇಲ್ಲ. ಅರ್ಧಕ್ಕೆ ಇಟ್ಟರೂ ಆಮೇಲೆ ಎತ್ತಿಕೊಂಡು ಓದಬಹುದು. ನಿಧಾನವಾಗಿ ಓದು, ಸಿಟ್ಟು ಮಾಡಿಕೊಳ್ಳಬೇಡ.

ನಿನ್ನ ಲಾಂಡ್ರಿ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಜಗಳವಾಗಿ ಬಿಟ್ಟಿದ್ದರೆ ನಾನೇ ಹೋಗಿ ಎರಡು ಬೈದು, ಎರಡು ಬೈಸಿಕೊಂಡು ಸರಿಮಾಡಿಕೊಂಡು ಬರುತ್ತಿದ್ದೆ. ಜಗಳವೇ ಆಗಿಲ್ಲ, ಅದೇ ಕಷ್ಟ. ಅವಳ ಮನೆ ಹಿಂದಿನ ಬಾವಿ ಬತ್ತಿದ್ದು ನಿನಗೆ ಹೇಳಿದ್ದೆ. ಈ ಬೀದಿಯ ಬಾವಿಗಳಲ್ಲೆಲ್ಲ ಕೊನೆಯವರೆಗೆ ತಡೆದದ್ದು ಅದೊಂದೇ. ನೀನು ಶಾಲೆಯಿಂದ ಬಂದವಳು ನಮ್ಮ ಮನೆಗೆ ಬರುವ ಮೊದಲು ಅಲ್ಲಿ ಹೋಗಿ ಸೇದಿದ ಕೊಡಕ್ಕೇ ಬಾಯಿ ಹಚ್ಚಿ ಕುಡಿಯುತ್ತಿದ್ದೆಯಲ್ಲ, ಆ ಬಾವಿ. ಈಗ ತಳದಲ್ಲಿ ಯಾರದೋ ಹಳೆಯ ಬಕೆಟ್ಟು ಕಾಣುತ್ತದೆ. ನೀರಿಲ್ಲದೆ ಬಟ್ಟೆ ಒಗೆಯುವುದು ಹೇಗೆ? ಒಗೆಯುವ ತೊಟ್ಟಿಗಳನ್ನು ಬೋರಲು ಹಾಕಿದ್ದಾಳೆ. ಒಗೆದು ಕೊಟ್ಟ ಬಟ್ಟೆಗೆ ಇಸ್ತ್ರಿ ಮಾತ್ರ ಹಾಕಿಕೊಡುತ್ತಾಳೆ. ಅದಕ್ಕೂ ಮೇಲೆ ಚಿಮುಕಿಸಲು ನೀರು ಬೇಕಲ್ಲ. ಅಂಗಡಿಗೆ ಹೋಗಿ ನಿಮ್ಮ ಕಂಪನಿಯ ನೀರಿನ ಬಾಟಲಿ ಕೊಂಡು ತಂದು ಚಿಮುಕಿಸುತ್ತಾಳೆ. ಆ ಬಾಟಲಿಯ ಮೇಲೆ ಲೋಟ ಹಿಡಿದು ನಗುತ್ತಿರುವವಳು ನಾನು. ಒಂದು ದಿನ ಇಸ್ತ್ರಿ ಮಾಡುತ್ತಾ ಬಾಟಲಿಯನ್ನೂ ನನ್ನನ್ನೂ ನೋಡಿ, "ನಗ್ತಾನೇ ಇರು ತಾಯಿ, ನಿನ್ಗೇನು" ಎಂದಳು. ಅಷ್ಟೇ. ಅವತ್ತಿನಿಂದ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ.

ಆ ಫೋಟೋ ತೆಗೆದ ದಿನ ನಿನಗೆ ನೆನಪಿದೆಯಾ? ನೀನು ಆ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಕಂಪನಿಯವರು ಬೀದಿಗೆ ನಲ್ಲಿ ಹಾಕಿಸುತ್ತಾರೆ, ಫೋಟೋಗೆ ಒಬ್ಬರು ಬೇಕು, ಬೇರೆ ಯಾರನ್ನೋ ಯಾಕೆ ಕರೆಯುವುದು, ನಮ್ಮಮ್ಮನೇ ಇದ್ದಾಳಲ್ಲ ಎಂದೆ. ನನಗೆ ಎಷ್ಟು ಖುಷಿಯಾಗಿತ್ತು ಎಂದರೆ ಹೊಸ ರವಿಕೆ ಹೊಲಿದುಕೊಂಡಿದ್ದೆ. ಕಟ್ಟೆ ಕಟ್ಟಿಯಾಗಿತ್ತು, ನೀಲಿ ಬಣ್ಣ ಬಳಿದಾಗಿತ್ತು, ನಲ್ಲಿಗೆ ಪೈಪು ಮಾತ್ರ ಜೋಡಿಸಿರಲಿಲ್ಲ. ಆಗ ಲಾಂಡ್ರಿ ಅತ್ತೆಯೇ ಓಡಿಹೋಗಿ ತನ್ನ ಬಾವಿಯಿಂದ ನೀರು ಸೇದಿ ತಂದು ಲೋಟಕ್ಕೆ ಹಾಕಿದಳು. ಫೋಟೋದವನು ನಗಿ ನಗಿ ಎಂದರೆ ನನ್ನ ಮುಖ ಇನ್ನಷ್ಟು ಬಿಗಿಯಾಗುತ್ತಿತ್ತು. ಕೊನೆಗೆ ಇವಳು ಅವನ ಬೆನ್ನ ಹಿಂದೆ ನಿಂತು, ತೀರಿಹೋದ ನಿನ್ನ ಅಪ್ಪ ಹಲ್ಲುನೋವು ಬಂದಾಗ ಮುಖ ಮಾಡುತ್ತಿದ್ದರಲ್ಲ, ಹಾಗೆಯೇ ಮಾಡಿ ತೋರಿಸಿದಳು. ಆಗ ಬಂದ ನಗು ಅದು. ಈಗ ಲಾರಿಯ ಮೇಲೆ, ಬಸ್ಸಿನ ನಿಲ್ದಾಣದ ಮೇಲೆ, ಎಲ್ಲೆಲ್ಲೂ ಇರುವ ನಗು ಅದೇ. ಅವಳು ಕೊಟ್ಟ ನೀರು, ಅವಳೇ ತರಿಸಿದ ನಗು. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಕಂಪನಿಯವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ನಿನ್ನ ಕಾಲೇಜಿನ ಫೀಸು ಕಟ್ಟಿದವರು ಅವರು. ಬೇಕರಿಯವನ ಮಗನಿಗೆ ಬಾಟಲಿ ತುಂಬಿಸುವ ಕಡೆ ಕೆಲಸ ಕೊಟ್ಟಿದ್ದಾರೆ. ಶಾಲೆಗೆ ಬೆಂಚು ಹಾಕಿಸಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಿನಗೆ ಹೇಳಿಕೊಟ್ಟವಳು ನಾನೇ. ಆದರೆ ಅವರ ಮನೆಯಲ್ಲಿ ನಾವು ಉಂಡೆವೋ ನಮ್ಮ ಮನೆಯಲ್ಲಿ ಅವರು ಉಂಡರೋ ಎಂಬುದೇ ಈಗ ನನಗೆ ತಿಳಿಯುತ್ತಿಲ್ಲ. ಕಾರ್ಖಾನೆಯ ಬೇಲಿಯ ಆಚೆ ಪಂಪು ಹಗಲೂ ರಾತ್ರಿ ಓಡುತ್ತದೆ. ಈಚೆ ನಲ್ಲಿಯಲ್ಲಿ ಮೂಗು ಸೋರಿದ ಹಾಗೆ ಒಂದು ದಾರ ಬರುತ್ತದೆ, ಅದೂ ಬಂದರೆ ಬಂತು. ಯಾರಾದರೂ ನೋಡಲು ಬರುವ ದಿನ ಮಾತ್ರ ಅದೇ ನಲ್ಲಿ ಭೋರೆಂದು ಸುರಿಯುತ್ತದೆ. ದೊಡ್ಡ ಸಾಹೇಬರು ಬರಲಿ, ಪತ್ರಿಕೆಯವರು ಬರಲಿ, ಅದರ ಹಿಂದಿನ ದಿನ ಬಣ್ಣದವನು ಬಂದು ಕಟ್ಟೆಗೆ ನೀಲಿ ಬಳಿಯುತ್ತಾನೆ. ಮಾರನೆಯ ದಿನ ನೀರು. ಇದು ಬೀದಿಯವರಿಗೆಲ್ಲ ಬಾಯಿಪಾಠವಾಗಿದೆ. ಬಣ್ಣದ ಡಬ್ಬ ಕಂಡರೆ ಸಾಕು, ಮನೆಮನೆಯಿಂದ ಬಿಂದಿಗೆ, ಬಕೆಟ್ಟು, ಮಗುವಿಗೆ ಸ್ನಾನ ಮಾಡಿಸುವ ಟಬ್ಬು ಎಲ್ಲ ಬಂದು ಸಾಲು ಕೂರುತ್ತವೆ. ಸಾಹೇಬರು ಬರುವ ಹೊತ್ತಿಗೆ ಮಾತ್ರ ಎಲ್ಲವನ್ನೂ ಎತ್ತಿ ಬೇಕರಿಯ ಹಿಂದೆ ಮರೆಮಾಡಬೇಕು, ಫೋಟೋದಲ್ಲಿ ಬೀಳಬಾರದಂತೆ. ಕ್ಯಾಮೆರಾ ಇಳಿಸಿದಾಗೆಲ್ಲ ಓಡಿಬಂದು ಒಂದೊಂದು ಬಿಂದಿಗೆ ತುಂಬಿಕೊಳ್ಳುವುದು.

ಹೋದ ತಿಂಗಳು ಒಂದು ತಮಾಷೆಯಾಯಿತು, ಕೇಳು. ಬಣ್ಣದವನು ಡಬ್ಬ ಹಿಡಿದು ಬಂದ. ಸರಿ, ಬಿಂದಿಗೆಗಳ ಸಾಲು ಬಸ್ಸಿನ ನಿಲ್ದಾಣದವರೆಗೆ ಹೋಯಿತು. ಕೆಲಸಕ್ಕೆ ರಜೆ ಹಾಕಿ ಕೂತವರು ಇದ್ದರು. ಹೊಲಿಗೆಗೆ ಬಂದ ಎರಡು ಅಂಗಿಗೆ ನಾನು ಅಲ್ಲೇ ಕೂತು ಗುಂಡಿ ಹಾಕಿ ಮುಗಿಸಿದೆ. ಮಾರನೆಯ ದಿನ ಸಂಜೆಯಾದರೂ ನೀರಿಲ್ಲ. ಆಮೇಲೆ ನೋಡಿದರೆ, ಅವನು ಉಳಿದ ಬಣ್ಣದಲ್ಲಿ ಬೇಕರಿಯವನ ಬಾಗಿಲಿಗೆ ಬಳಿದುಕೊಡಲು ಬಂದಿದ್ದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಲಾಂಡ್ರಿ ಅತ್ತೆಯೂ ನಕ್ಕಳು. ನನ್ನ ಕಡೆ ತಿರುಗಿದ ಮೇಲೆ ನಿಲ್ಲಿಸಿದಳು. ಖಾಲಿ ಬಿಂದಿಗೆ ಹೊತ್ತು ಮನೆಗೆ ಬಂದೆ. ಅವತ್ತು ಅಡುಗೆ ಮಾಡಲು ಮನಸ್ಸಾಗಲಿಲ್ಲ, ಪುಟ್ಟಿಗೆ ಬ್ರೆಡ್ಡು ಕೊಟ್ಟು ಮಲಗಿಸಿದೆ.

ಕೊನೆಗೆ ತಡೆಯಲಾರದೆ ಕಳೆದ ವಾರ ಕಾರ್ಖಾನೆಗೆ ಹೋಗಿ ಮ್ಯಾನೇಜರನ್ನು ಕಂಡೆ. ನಿನಗೆ ಹೇಳಿದರೆ ಬೇಡ ಎನ್ನುತ್ತೀಯ ಎಂದು ಹೇಳಲಿಲ್ಲ. ಪಾಪ, ಒಳ್ಳೆಯ ಹುಡುಗ. "ನೀವ್ಯಾಕೆ ಬರೋಕೆ ಹೋದ್ರಿ ಅಮ್ಮ, ಹೇಳಿಕಳಿಸಿದ್ರೆ ನಾನೇ ಬರ್ತಿದ್ದೆ" ಎಂದ. ತಣ್ಣನೆಯ ಕೋಣೆಯಲ್ಲಿ ಕೂರಿಸಿ ಕುಡಿಯಲು ಬಾಟಲಿ ಕೊಟ್ಟ. ನನ್ನ ಕೈಗೆ ನನ್ನನ್ನೇ ಕೊಟ್ಟ ಹಾಗಾಯಿತು. ಬಾಯಾರಿತ್ತು, ಕುಡಿದೆ. ಎಲ್ಲವನ್ನೂ ಹೇಳಿದೆ. ಅವನು ಸಮಾಧಾನವಾಗಿ ಕೇಳಿದ. ಪಂಪಿಗೆಲ್ಲ ಪರವಾನಗಿ ಇದೆ, ಕಾನೂನಿನ ಪ್ರಕಾರ ಎಲ್ಲ ಸರಿಯಾಗಿದೆ, ಬಾವಿ ಯಾಕೆ ಬತ್ತಿತು ಎಂದು ನೆಲದೊಳಗೆ ಹೋಗಿ ನೋಡಿದವರು ಯಾರು ಎಂದ. ಹಾಗಾದರೆ ನಲ್ಲಿಯನ್ನಾದರೂ ದಿನಾ ಬಿಡಪ್ಪ ಎಂದೆ. ಅದು ತನ್ನ ಕೈಯಲ್ಲಿಲ್ಲವಂತೆ. ನಲ್ಲಿಯದು ಸಮಾಜ ಸೇವೆಯ ಲೆಕ್ಕ, ಅದನ್ನು ನೋಡಿಕೊಳ್ಳುವ ವಿಭಾಗ ಹೆಡ್ ಆಫೀಸಿನಲ್ಲಿದೆ, ಅಲ್ಲಿಂದ ಹೇಳಿದ ದಿನ ಬಿಡುತ್ತೇವೆ, ಅವರಿಗೆ ಬರೆಯುತ್ತೇನೆ ಎಂದ. ಅವರು ಎಂದರೆ ಯಾರು? ನೀನು. ನನ್ನ ದೂರು ನನ್ನ ಮಗಳಿಗೇ ಹೋಗುತ್ತದೆ ಎಂದರೆ ನಾನೇ ಬರೆಯುತ್ತೇನೆ ಬಿಡು ಎಂದು ಎದ್ದೆ. ಬಾಗಿಲವರೆಗೆ ಬಂದು, "ನಮ್ಮನೇಲೂ ಟ್ಯಾಂಕರ್ ನೀರೇ ಅಮ್ಮ" ಎಂದು ಮೆಲ್ಲಗೆ ಹೇಳಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದು ಹೋಗಿದ್ದೆ, ಅದಕ್ಕೂ ಕಲ್ಲು ಬಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಹೊರಡುವಾಗ ಒಂದು ಮಾತು ಕೇಳಿದೆ. ನೀರಂತೂ ಕೊಡಲಿಕ್ಕಾಗದು, ಆ ಬಾಟಲಿಯಿಂದ ನನ್ನ ಮುಖವನ್ನಾದರೂ ತೆಗೆಸಪ್ಪ, ಬೀದಿಯಲ್ಲಿ ತಲೆಯೆತ್ತಿ ಓಡಾಡಲಾರೆ ಎಂದೆ. ಅವನ ಮುಖ ಅರಳಿತು. "ಇದು ಆಗೋ ಕೆಲ್ಸ ಅಮ್ಮ, ಫೋಟೋನೂ ಹಳೇದಾಯ್ತು, ಬದಲಾಯಿಸೋಣ" ಎಂದು ಬರೆದುಕೊಂಡ.

ನಿನ್ನನ್ನು ಬೈಯಲು ಇದನ್ನೆಲ್ಲ ಬರೆಯುತ್ತಿಲ್ಲ. ನೀನೂ ಹೇಳಬೇಕಾದವರಿಗೆ ಹೇಳಿದ್ದೀಯ, ಅವರು ತಮ್ಮ ಮೇಲಿನವರಿಗೆ ಹೇಳಿರುತ್ತಾರೆ, ಅವರ ಮೇಲೆ ಯಾರಿದ್ದಾರೋ ದೇವರಿಗೇ ಗೊತ್ತು. ಹೆಚ್ಚು ಮಾತಾಡಿದರೆ ನಿನ್ನ ಕೆಲಸಕ್ಕೆ ಕುತ್ತು. ಹಡಗಿನ ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಿನ್ನ ಪಾಡು ನನಗೆ ಅರ್ಥವಾಗುತ್ತದೆ ಮಗಳೇ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆದರೂ ನಿನಗಲ್ಲದೆ ಇನ್ನಾರಿಗೆ ಹೇಳಲಿ? ಆಗುವುದಿದ್ದರೆ ವಾರಕ್ಕೆ ಒಂದು ದಿನವಾದರೂ ನಲ್ಲಿ ಬಿಡಲು ಹೇಳು. ಫೋಟೋ ಇಲ್ಲದೆ, ಸಾಹೇಬರಿಲ್ಲದೆ, ಸುಮ್ಮನೆ ಒಂದು ದಿನ. ಆಗದಿದ್ದರೆ ಆಗಲಿಲ್ಲವೆಂದು ಬರೆ, ನಾನು ಇನ್ನೊಮ್ಮೆ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು, ಕುರ್ಚಿ ಕೇಳಿ ತಗೋ. ಪುಟ್ಟಿ ನಿನಗೆ ಮುತ್ತು ಕಳಿಸಿದ್ದಾಳೆ, ಈ ಹಾಳೆಯ ಮೂಲೆಯಲ್ಲಿ ಒದ್ದೆಯಾಗಿರುವುದು ಅದೇ. ನಿನಗೆ ಒಳ್ಳೆಯದಾಗಲಿ.

ನಿನ್ನ ಮೇಲೆ ಸಿಟ್ಟೂ ಇಲ್ಲದ, ಸಮಾಧಾನವೂ ಇಲ್ಲದ
ಅಮ್ಮ

ತಾಜಾ ಕಲಂ: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗ ತಾನೆ ಬಣ್ಣದವನು ಬಂದ. ಈ ಸಲ ಬೇಕರಿಗಲ್ಲ, ಕಟ್ಟೆಗೇ ಬಳಿಯುತ್ತಿದ್ದಾನೆ. ಅವನ ಹಿಂದೆಯೇ ಮ್ಯಾನೇಜರ್ ಹುಡುಗ ಬಂದು, ನಾಳೆ ಹೊಸ ಫೋಟೋ, ನಿಮ್ಮ ಮುಖ ತೆಗೆಯುತ್ತೇವೆ, ಬಾಟಲಿಯ ಮೇಲೆ ಇನ್ನು ಮುಂದೆ ಪುಟ್ಟಿ ಎಂದು ಹೇಳಿಹೋದ. ಹೆಡ್ ಆಫೀಸಿನಲ್ಲಿ ಮಗುವಿನ ತಾಯಿ ಒಪ್ಪಿ ಸಹಿ ಮಾಡಿಯಾಗಿದೆಯಂತೆ. ಹೌದೇನೇ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಬೇಡ ಎಂದು ನಾನೇ ಬಾಗಿಲು ಹಾಕಿಕೊಂಡುಬಿಡುತ್ತಿದ್ದೆ. ಆದರೆ ಕಿಟಕಿಯಿಂದ ನೋಡಿದರೆ ಬಿಂದಿಗೆಗಳ ಸಾಲು ಆಗಲೇ ನಮ್ಮ ಮನೆ ದಾಟಿಹೋಗಿದೆ. ಫೋಟೋ ಇಲ್ಲವೆಂದರೆ ನೀರಿಲ್ಲ, ಇಷ್ಟು ಜನಕ್ಕೆ ಏನೆಂದು ಹೇಳಲಿ? ಲಾಂಡ್ರಿ ಅತ್ತೆ ಮೆಟ್ಟಿಲು ಹತ್ತಿ ಬಂದಳು, ಕಣೇ. ಎಷ್ಟು ದಿನದ ಮೇಲೆ ಬಂದಳು. ಪುಟ್ಟಿಯ ಫ್ರಾಕು ಕೇಳಿ ತೆಗೆದುಕೊಂಡು ಇಸ್ತ್ರಿ ಮಾಡಿ ತಂದುಕೊಟ್ಟಳು. ನಾಳೆ ತಾನೇ ಕ್ಯಾಮೆರಾದ ಹಿಂದೆ ನಿಲ್ಲುತ್ತಾಳಂತೆ, ಆದರೆ ನಗಿಸುವುದಕ್ಕಲ್ಲ. ಪುಟ್ಟಿಯ ಗಲ್ಲ ಹಿಡಿದು, "ಅವ್ರು ಎಷ್ಟೇ ಹೇಳಲಿ, ಬೇಗ ನಗಬೇಡ ಕಂದ. ಫೋಟೋ ಮುಗಿದ್ರೆ ನಲ್ಲಿ ನಿಲ್ಲಿಸ್ತಾರೆ. ಎಲ್ಲರ ಬಿಂದಿಗೆ ತುಂಬಿದ ಮೇಲೆ ನಾನು ಕೈ ಎತ್ತುತ್ತೀನಿ, ಆಗ ನಗು" ಎಂದಳು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ. ಪುಟ್ಟಿ ಈಗ ಕನ್ನಡಿಯ ಮುಂದೆ ನಿಂತು ನಗದೆ ಇರುವುದನ್ನು ಕಲಿಯುತ್ತಿದ್ದಾಳೆ.