ಡಿಫಾಲ್ಟ್: ಆನ್

ಮಾರ್ಚ್ ೪, ಬೆಳಗ್ಗೆ

ಕೋಡನ್ನು ಮತ್ತೆ ಬಿಲ್ಡ್‌ಗೆ ಹಾಕಿ, ಅದು ಪ್ರೋಗ್ರಾಮ್ ಆಗಿ ಹೊರಬರಲೆಂದು ಕಾದು ಕೂತಿದ್ದೇನೆ. ಚಹಾ ಆರಿತು. ಅಕ್ಕನ ಫೋನ್. ಅವಳ ಆಫೀಸಿನ ಕೋಡಿನ ಆವೃತ್ತಿಗಳನ್ನೆಲ್ಲ ಕಾಯುವುದು ನಮ್ಮ ಸಾಫ್ಟ್‌ವೇರ್. ಅದರ ಹೊಸ ಆವೃತ್ತಿಯನ್ನು ಹಟ ಹಿಡಿದು ಹಾಕಿಸಿದವಳೂ ಅವಳೇ — ತಂಗಿ ಬರೆದದ್ದೆಂಬ ಹೆಮ್ಮೆಗೆ.

"ಏನೇ ಮಾಡಿಟ್ಟಿದ್ದೀಯ? ಹಳೇ ಮಷೀನೆಲ್ಲ ಕೋಡ್ ಎಳ್ಕೊಳ್ಳೋಕೆ ಹೋಗಿ ಹಾಗೇ ನಿಂತ್ಬಿಡ್ತಿವೆ! ಎಂಟನೇ ತಾರೀಕು ಸಾಹೇಬ್ರ ಮುಂದೆ ಇದನ್ನೆಲ್ಲ ಓಡಿಸಿ ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ನನ್ನ ಕೆಲ್ಸಕ್ಕೇ ಕುತ್ತು."

ಗೊತ್ತಾಯಿತು. ಯಾವ ಮಷೀನ್ ಬಂದರೂ ನಮ್ಮ ಸರ್ವರ್ ಮೊದಲು ತನಗೆ ಏನೇನು ಬರುತ್ತದೆಂದು ಪಾಠದಂತೆ ಒಪ್ಪಿಸುತ್ತದೆ. ಈಗ ಅದರಲ್ಲಿ ನನ್ನ ಹೊಸ ಫೀಚರಿನ ಹೆಸರೂ ಇದೆ. ಅದನ್ನು ಕೇಳಿ ಹಳೆಯವು ಕಕ್ಕಾಬಿಕ್ಕಿ. ಆಫ್ ಮಾಡಲು ಸ್ವಿಚ್ಚೇ ಇಟ್ಟಿಲ್ಲ ನಾನು!

ಮಾರ್ಚ್ ೫

ಸರ್ವರಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಾನ್ಫಿಗ್‌ನಲ್ಲಿ ನನ್ನ ಫೀಚರಿಗೆಂದು ಒಂದು ಸಾಲು ಸೇರಿಸಿದೆ. ಆನ್ ಅಥವಾ ಆಫ್. ಕೋಡ್ ರಿವ್ಯೂ ಮಾಡುವ ಹಿರಿಯರು — ನಾವಿಟ್ಟ ಹೆಸರು ಕತ್ತರಿ — ಕನ್ನಡಕ ಏರಿಸಿ ಕೇಳಿದರು, "ಡಿಫಾಲ್ಟ್ ಏನು? ಯಾರೂ ಏನೂ ಬರೀದಿದ್ರೆ?"

"ಆನ್, ಸರ್."

"ಆಫ್ ಇರ್ಲಿ ಕಣಮ್ಮ. ಬೇಕಾದೋರು ಹಾಕ್ಕೋತಾರೆ."

ಮೈಯೆಲ್ಲ ಉರಿಯಿತು. ಅಷ್ಟು ಒದ್ದಾಡಿ ಬರೆದದ್ದನ್ನು ಮೂಲೆಗೆ ತಳ್ಳುವುದೇ? ಸೆಟ್ಟಿಂಗ್ ಓದಿ ಯಾರು ಆನ್ ಮಾಡುತ್ತಾರೆ, ಮಣ್ಣು! ಜಗಳವಾಡಿ ಗೆದ್ದೆ. ಟೆಸ್ಟ್ ಎಲ್ಲ ಪಾಸ್.

ಮಾರ್ಚ್ ೮, ಬೆಳಗ್ಗೆ

ನಿನ್ನೆ ಸಂಜೆ ರಿಲೀಸ್ ಹೋಯಿತು. ಈಗ ಅಕ್ಕ — "ಹಾಕ್ಕೊಂಡೆ ಕಣೇ, ಆಫ್ ಅಂತ್ಲೂ ಬರ್ದೆ. ಟೆಸ್ಟ್ ಮಾಡೋಕೆ ಪುರುಸೊತ್ತಿಲ್ಲ. ನೀನು ಹೇಳಿದ್ಮೇಲೆ ಇನ್ನೇನು? ಹನ್ನೊಂದಕ್ಕೆ ಮೀಟಿಂಗು."

ಆದರೆ ನಮ್ಮ ಟೆಸ್ಟ್ ಎಲ್ಲ ಹೊಸ ಮಷೀನುಗಳಲ್ಲೇ. ಸ್ಟೋರ್ ರೂಮಿನಿಂದ ಹಳೇ ಲ್ಯಾಪ್‌ಟಾಪ್ ತಂದಿದ್ದೇನೆ...

ಹತ್ತೂವರೆ

ನಿಂತುಬಿಟ್ಟಿತು. ಆಫ್ ಇದ್ದರೂ!

ಅಯ್ಯೋ, ಸರ್ವರ್ ಮೊದಲು ಒಪ್ಪಿಸುತ್ತದೆ, ಆಮೇಲೆ ಕಾನ್ಫಿಗ್ ಓದುತ್ತದೆ. ಬಡಿಸಿಯಾದ ಮೇಲೆ ಊಟ ಬೇಕೇ ಎಂದು ಕೇಳಿದ ಹಾಗೆ. ಓದುವವರೆಗೂ ಡಿಫಾಲ್ಟ್ ಹೇಳಿದ್ದೇ ಮಾತು. ಅದೊಂದು ಆಫ್ ಇದ್ದಿದ್ದರೆ ಅಕ್ಕ ಬಚಾವ್. ನನ್ನ ಹಾಳು ಜಂಬ!

ರಿಂಗ್ ಆಗುತ್ತಿದೆ. ಅಕ್ಕ ಎತ್ತುತ್ತಿಲ್ಲ.

ಇನ್ನೂ ಹನ್ನೊಂದಾಗಿಲ್ಲ

ಆನ್ ಅಳಿಸಿ ಆಫ್ ಬರೆದೆ. ಕತ್ತರಿ ಪಕ್ಕದಲ್ಲೇ ನಿಂತಿದ್ದಾರೆ, ಒಂದು ಮಾತೂ ಹಂಗಿಸಲಿಲ್ಲ. "ಕಳ್ಸಮ್ಮ, ಬೇಗ ಕಳ್ಸು" ಎಂದರಷ್ಟೇ. ಬಿಲ್ಡ್ ಅರ್ಧ ಆಗಿದೆ. ಓಡು ತಾಯಿ, ಓಡು...

ಅಕ್ಕನ ಮೆಸೇಜ್: "ಸಾಹೇಬ್ರು ಬೇಗ ಬಂದ್ಬಿಟ್ರು. ಶುರು ಮಾಡ್ತಿದೀನಿ. ನನ್ ತಂಗೀನೇ ಬರ್ದಿದ್ದು ಅಂತ ಎಲ್ರಿಗೂ ಹೇಳ್ದೆ."

ಎತ್ತೇ ಅಕ್ಕಾ, ಫೋನ್ ಎತ್ತೇ. ಹಳೇ ಮಷೀನ್ ಮಾತ್ರ ಮುಟ್ಟ—