ನೀಲಿ ಪುಟದ ಹಳದಿ ಬಟನ್

ಮಾರ್ಚ್ ೮, ಗುರುವಾರ

ಅಕ್ಕನಿಗೆ, ಪ್ರೀತಿಯಿಂದ.

ಅಮ್ಮನ ಕಣ್ಣಿನ ವಿಷಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದು ಲಕೋಟೆ ಅಂಟಿಸಿಬಿಡುವುದರಲ್ಲಿದ್ದೆ. ಆಮೇಲೆ ಆ ಕಾಗದ ಹರಿದು ಇದನ್ನು ಶುರುಮಾಡಿದೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಕೂತಿರುತ್ತಾಳೆ.

ನಮ್ಮ ದೀಪದಂಗಡಿಯ ವೆಬ್‌ಸೈಟ್ ಹಳೇ ಕಾಲದ್ದಾಯಿತು, ಹೊಸದು ಮಾಡು ಎಂದು ನೀನು ಹೇಳಿದ್ದು ಸರಿಯೇ. ನನ್ನ ಕಸುಬೇ ಅದು. ಮಾಡುತ್ತಾ ಮಾಡುತ್ತಾ ಒಂಥರಾ ಮಂಪರು ಕವಿಯಿತು. ಇಷ್ಟು ವರ್ಷ ನಾನು ಕಟ್ಟಿದ ಪುಟಗಳೆಲ್ಲ ಒಂದರ ಹಿಂದೊಂದು ಕೋಣೆಗಳಾಗಿ ತೆರೆದುಕೊಂಡವು. ಮೊದಲ ಕೋಣೆಯ ಗೋಡೆ ತುಂಬ ನಕ್ಷತ್ರ, ಅಕ್ಷರಗಳು ರೈಲಿನಂತೆ ಓಡುತ್ತಿದ್ದವು. ಮುಂದಿನದರಲ್ಲಿ ಎಲ್ಲವೂ ಮುಟ್ಟಿ ನೋಡುವಂತಿತ್ತು: ಮರದ ಕಪಾಟು, ಚರ್ಮದ ಹೊದಿಕೆ, ನೆರಳು ಬಿದ್ದು ಉಬ್ಬಿದ ಬಟನ್. ಆಮೇಲೆ ಯಾರೋ ಇಸ್ತ್ರಿ ಹಾಕಿದಂತೆ ಎಲ್ಲ ಚಪ್ಪಟೆ. ಕೊನೆಯ ಕೋಣೆ ಬರೀ ಬಿಳಿ. ಮಂಜಿನಂಥ ಬೂದು ಅಕ್ಷರ, ಮೂಲೆಯಲ್ಲಿ ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುವ ಮೂರು ಗೆರೆ. ಬೇಕಾದ್ದೆಲ್ಲ ಆ ಗೆರೆಗಳ ಹಿಂದೆ. ಅಂಗಡಿಗೆ ಮಾಡಿದ್ದು ಅಂಥದೇ. ಆಫೀಸಿನವರು ಚೆಂದ ಅಂದರು. ನನಗೂ ಚೆಂದ ಕಂಡಿತ್ತು.

ಅಮ್ಮನ ಮುಂದಿಟ್ಟೆ. ಅವಳ ಬೆರಳು ಪರದೆಯ ಮೇಲೆ ಅಲೆದಾಡಿ ನಿಂತಿತು. ಏನೇ ಇದು, ಎಲ್ಲರೂ ಮನೆ ಖಾಲಿ ಮಾಡ್ಕೊಂಡು ಹೋದ್ರಾ, ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಆರ್ಡರ್ ಎಲ್ಲಿ ನೋಡೋದು ಅಂತ ಕೇಳಿದಳು. ಅದನ್ನು ತೆರೆಯುವ ಮೂರು ಗೆರೆ ಕಣ್ಣೆದುರೇ ಇದ್ದವು.

ಆಗ ತಿಳಿಯಿತು. ಹಳೇ ಪುಟದ ಕಡುನೀಲಿಯ ಮೇಲೆ ಆರ್ಡರ್ ತೆರೆಯುವ ದಪ್ಪ ಹಳದಿ ಬಟನ್ ಇತ್ತಲ್ಲ, ಲಾಂದ್ರದ ಹಾಗೆ? ಇಷ್ಟು ದಿನ ಅದೊಂದನ್ನೇ ನೋಡಿಕೊಂಡು, ಉಳಿದದ್ದನ್ನು ಅಂದಾಜಿನ ಮೇಲೆ ನಡೆಸಿದ್ದಾಳೆ. ದಿನಾ ಬೆಳಿಗ್ಗೆ ಗಿರಾಕಿಗಳಿಗೆ ಉತ್ತರ ಬರೆಯುವುದು, ಯಾವ ದೀಪಕ್ಕೆ ಯಾವ ಶೇಡ್ ಒಪ್ಪುತ್ತದೆಂದು ಹೇಳುವುದು, ಎಲ್ಲ. ದೊಡ್ಡೋಳಿಗೆ ಹೇಳ್ಬೇಡ ಕಣೇ, ಅಂಗಡಿ ಸಾಕು, ಸುಮ್ನೆ ಮನೇಲಿ ಕೂತ್ಕೋ ಅಂತಾಳೆ ಎಂದು ನನ್ನ ಕೈ ಹಿಡಿದುಕೊಂಡಳು.

ಈ ಫ್ಯಾಶನ್ನೆಲ್ಲ ಅಂಗಿಯ ಕಾಲರಿನ ಹಾಗೆ, ಅಗಲವಾಗುತ್ತದೆ, ಮತ್ತೆ ಕಿರಿದಾಗುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಪ್ರತಿ ಸಲವೂ ನಾವು ಬಾಗಿಲನ್ನು ಬೇರೆ ಕಡೆ ಇಡುತ್ತೇವೆ. ಯಾರು ಹೊರಗುಳಿದರು ಎಂದು ತಿರುಗಿ ನೋಡುವುದಿಲ್ಲ.

ಹಳೆಯದೇ ಇರಲಿ ಎನ್ನಲಾರೆ. ಫೋನಿನಲ್ಲಿ ತೆರೆದರೆ ಆ ಪುಟ ಅರ್ಧಕ್ಕರ್ಧ ಪರದೆಯಾಚೆ ಚಾಚಿಕೊಳ್ಳುತ್ತದೆ. ಹಾಗಾಗಿ ಮತ್ತೆ ಕೂತೆ. ಅಕ್ಷರ ದಪ್ಪಗೆ, ಕಪ್ಪಗೆ. ಮೂರು ಗೆರೆ ತೆಗೆದೆ. ಹಳದಿ ಬಟನ್ ಅದರ ಹಳೇ ಜಾಗದಲ್ಲೇ, ಅಡಿಯಲ್ಲಿ ಚೂರು ನೆರಳು. ಹಳೇ ಸಿನಿಮಾ ಪೋಸ್ಟರ್ ಇದ್ದಂಗಿದೆ ಅಂತಾರೆ ಆಫೀಸಿನವರು. ಅನ್ನಲಿ. ನೀನು ಒಪ್ಪಿದರೆ ಇದನ್ನೇ ಹಾಕುತ್ತೇನೆ. ಬಂದು ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗು, ನನ್ನ ಮಾತು ಕೇಳುತ್ತಿಲ್ಲ. ಅಂಗಡಿಯಿಂದ ಮಾತ್ರ ಎಬ್ಬಿಸಬೇಡ.

ನಿನ್ನ
ಪುಟ್ಟಿ

ಇನ್ನೊಂದು ಮಾತು: ಆ ಹಳದಿ ಆರಿಸಿದವಳು ನೀನೇ. ಕಣ್ಣಿಗೆ ಹೊಡೆಯುತ್ತೆ ಎಂದು ನಾನು ಗೇಲಿ ಮಾಡಿದ್ದು ನೆನಪಿದೆಯಾ? ಈ ಕಾಗದವನ್ನು ಈಗಷ್ಟೇ ಅಮ್ಮನಿಗೆ ಓದಿ ಹೇಳಿದೆ. ಕಳ್ಸು, ಆದ್ರೆ ಕಣ್ಣು ಅಂತಿರೋ ಕಡೆಯೆಲ್ಲ ಕನ್ನಡಕ ಅಂತ ತಿದ್ದು, ಅಂದಳು. ತಿದ್ದಿಲ್ಲ. ಮನಸ್ಸು ಬದಲಾದರೆ ಹೇಳಲಿ ಎಂದು ಭಾನುವಾರದವರೆಗೆ ಮೇಜಿನ ಮೇಲೇ ಇಟ್ಟಿರುತ್ತೇನೆ. ಅಂಚೆಗೆ ಹಾಕುವುದು ಸೋಮವಾರ, ಮಾರ್ಚ್ ೧೨.